ಲೇಟ್ ಗಾಡಿ ಕಟ್ಟಿದ ಕೆರೆ

ಗಾಡಿ ಲೇಟು ಅಂತ ಪ್ಲಾಟ್‌ಫಾರಂ ಮೇಲೆ ಯಾರಾದರೂ ಗೊಣಗುವುದು ಕಿವಿಗೆ ಬಿದ್ದರೆ ನನಗೆ ಈಗಲೂ ನಗು ಬರುತ್ತದೆ. ಮೊಮ್ಮಕ್ಕಳು "ಯಾಕಜ್ಜಿ ಒಬ್ಬಳೇ ನಗ್ತೀಯ?" ಅಂತ ಕೇಳುತ್ತವೆ. ಏನು ಹೇಳಲಿ? ನಾನು ಮೊದಲು ಸಂಸಾರ ಹೂಡಿದ ಸ್ಟೇಷನ್ನಿನಲ್ಲಿ ಗಾಡಿ ಲೇಟಾದರೆ ಪ್ರಯಾಣಿಕರ ಕೈಗೆ ಬುಟ್ಟಿ ಕೊಡುತ್ತಿದ್ದರು. ಖಾಲಿ ಬುಟ್ಟಿ. ಅದಕ್ಕೆ ಮಣ್ಣು ತುಂಬಿ, ಹೊತ್ತು ಹೋಗಿ, ಸುರಿದು ಬರಬೇಕು. ಕೊಡುತ್ತಿದ್ದವರು ಸ್ವತಃ ಸ್ಟೇಷನ್ ಮಾಸ್ತರರು.

ಐವತ್ತರ ದಶಕದ ಮೊದಲ ವರ್ಷಗಳು. ನಾಗಪುರ ಇನ್ನೂ ಆಗಿನ ಪ್ರಾಂತ್ಯದ ರಾಜಧಾನಿಯ ಗತ್ತಿನಲ್ಲಿತ್ತು. ಅಲ್ಲಿಂದ ಬುಟಿಬೋರಿ ದಿಕ್ಕಿಗೆ ಹೋಗುವ ಹಳಿಯ ಮೇಲೆ ಒಂದು ಪುಟ್ಟ ಸ್ಟೇಷನ್ನು. ಒಂದು ಬಾವಿ, ಒಂದು ಬೇವಿನ ಮರ, ಗಂಟೆಯ ಬದಲು ತೂಗುಹಾಕಿದ ಹಳಿಯ ತುಂಡು, ಹಿಂದೆ ಹಳಿ ರಿಪೇರಿ ಮಾಡುವ ಗ್ಯಾಂಗಿನವರ ಸಾಲುಮನೆ, ಅದರ ಪಕ್ಕ ಎರಡು ಕ್ವಾರ್ಟರ್ಸು. ಒಂದರಲ್ಲಿ ನಾವು. ನಮ್ಮ ಯಜಮಾನರು ಅಸಿಸ್ಟೆಂಟ್ ಮಾಸ್ತರರು. ಇನ್ನೊಂದರಲ್ಲಿ ಸ್ಟೇಷನ್ ಮಾಸ್ತರರು ಮತ್ತು ಅವರ ಹೆಂಡತಿ, ನಮಗೆ ಕಾಕಾ ಮತ್ತು ಕಾಕು. ಹಾವೇರಿ ಕಡೆಯವರು. ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದರು. ಮೈಸೂರು ಸೀಮೆಯಿಂದ ಮರಾಠಿ ಮುಲುಕಿಗೆ ಬಂದು ಬಿದ್ದಿದ್ದ ನನಗೆ ಗೋಡೆಯಾಚೆ ಕನ್ನಡ ಕೇಳಿದ್ದೇ ಜೀವ ಬಂದ ಹಾಗಾಗಿತ್ತು. ಅರ್ಧ ಅರ್ಥವಾಗುತ್ತಿರಲಿಲ್ಲ, ಅದು ಬೇರೆ.

ನಾನು ಮೊದಲ ಸಲ ಜೋಳದ ರೊಟ್ಟಿ ತಟ್ಟಿದ ದಿನ ಕಾಕಾ ಅದನ್ನು ಕೈಯಲ್ಲಿ ಎತ್ತಿ ಹಿಡಿದು ಉದ್ದಕ್ಕೂ ನೋಡಿದರು. "ಇದು ರೊಟ್ಟಿನೋ, ಸಿಗ್ನಲ್ ಕೈಯೋ ತಂಗೀ? ಇದನ್ನ ಕಂಬಕ್ಕ ಕಟ್ಟಿದ್ರ ಮಾಲಗಾಡಿ ನಿಂತಬಿಡತೈತಿ." ಹಾಗಂದವರು ನಾಲ್ಕು ರೊಟ್ಟಿ ತಿಂದು ಎದ್ದರು.

ಉದ್ದನೆಯ ಆಳು, ಸ್ವಲ್ಪ ಬಗ್ಗಿದ ಬೆನ್ನು. ಹಣೆಯ ಮೇಲೆ ಮೂರೆಳೆ ವಿಭೂತಿ, ಅದರ ಮೇಲೆ ಇಲಾಖೆಯ ಕರಿ ಟೊಪ್ಪಿಗೆ. ನಿಲ್ಲದೆ ಓಡಿಹೋಗುವ ಮಾಲಗಾಡಿಗೂ ಕೋಟಿನ ಗುಂಡಿ ಪೂರ್ತಿ ಹಾಕಿಕೊಂಡೇ ಹೊರಗೆ ಬಂದು ನಿಲ್ಲುವವರು. "ಬಿಸಿಲಾಗ ಯಾಕ್ರೀ ಕಾಕಾ ಕೋಟು?" ಅಂದರೆ, "ಇಂಜಿನ್ನಿನಂವ ಬೆಂಕಿ ಮುಂದ ಕುಂತು ಬಂದಾನ. ನಾ ಗುಂಡಿ ಹಾಕಿದ್ರ ಏನ ಸಾಯತೀನಿ?" ಅನ್ನುತ್ತಿದ್ದರು. ಮನೆಗೆ ಬಂದವರು ಹೊರಡಲು ಎದ್ದರೆ "ಕೂಡ್ರಿ, ಇನ್ನೂ ಸಿಗ್ನಲ್ ಆಗಿಲ್ಲ" ಅನ್ನುವುದು ಅವರ ಪದ್ಧತಿ. ಇನ್ನೊಂದು ಲೋಟ ಚಹಾ ಆದ ಮೇಲೆಯೇ ಸಿಗ್ನಲ್ ಬೀಳುತ್ತಿದ್ದದ್ದು.

ಆ ಕೆರೆಯ ಕತೆ ಶುರುವಾದದ್ದು ಒಂದು ಚಿಗರಿಯಿಂದ. ಚಿಗರಿ ಅಂದರೆ ಜಿಂಕೆ, ಕಾಕಾನ ಮಾತಿನಲ್ಲಿ; ಆಗ ಅಲ್ಲಿ ಹೊಲಗಳಲ್ಲಿ ಹಿಂಡು ಹಿಂಡಾಗಿ ಓಡುತ್ತಿದ್ದವು. ನಾಗಪುರದ ಬೇಸಿಗೆಯನ್ನು ಕಂಡವರಿಗೆ ನಾನೇನು ಹೇಳುವುದು. ಕಾಣದವರಿಗೆ ಹೇಳಿದರೂ ನಂಬುವುದಿಲ್ಲ. ಒಂದು ಬೆಳಗ್ಗೆ ಪಕ್ಕದ ಹಳಿಯಲ್ಲಿ ಮಾಲಗಾಡಿ ನಿಂತಿತ್ತು. ಇಂಜಿನ್ನಿನಿಂದ ತೊಟ್ಟಿಕ್ಕಿದ ನೀರಿಗೆ ಹಳಿಯ ನಡುವಿನ ಜಲ್ಲಿಕಲ್ಲು ಒದ್ದೆಯಾಗಿತ್ತು. ಎಲ್ಲಿಂದ ಬಂತೋ ಒಂದು ಹೆಣ್ಣು ಚಿಗರಿ, ಅಷ್ಟು ದೊಡ್ಡ ಉಗಿ ಬಿಡುವ ಇಂಜಿನ್ನಿಗೂ ಹೆದರದೆ ಆ ಕಲ್ಲುಗಳನ್ನು ನೆಕ್ಕತೊಡಗಿತು. ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಗಾಡಿ ಬಿಡಬಹುದೆಂದು ಮುಂದಿನ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಬಂದಾಗಿತ್ತು. ಕಾಕಾ ಮಾತ್ರ ಹಸಿರು ಬಾವುಟವನ್ನು ಕಂಕುಳಿಂದ ತೆಗೆಯಲೇ ಇಲ್ಲ. ಡ್ರೈವರ್ ಹೊರಗೆ ತಲೆ ಹಾಕಿ ಏನಾಯಿತು ಎಂದು ಸನ್ನೆ ಮಾಡಿದ. ಇವರು ಸೀಟಿ ಹಾಕಬೇಡ ಎಂದು ತುಟಿಯ ಮೇಲೆ ಬೆರಳಿಟ್ಟರು. ಚಿಗರಿ ನೆಕ್ಕಿ ಮುಗಿಸಿ, ತಲೆ ಎತ್ತಿ, ಜಿಗಿದು ಹೋಯಿತು. ಆಮೇಲೆ ಬಾವುಟ ಬಿಚ್ಚಿದರು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತವರು ತುತ್ತು ಎತ್ತಲಿಲ್ಲ. "ಕಲ್ಲ ನೆಕ್ಕತಿತ್ತು," ಅಂದರು ಕಾಕುಗೆ. "ನಮ್ಮ ಊರಾಗ ಹಿರ್ಯಾರು ಹಳ್ಳ ಕಂಡಲ್ಲಿ ಕೆರಿ ಕಟ್ಟತಿದ್ರು. ನಾ ಇಷ್ಟ ವರ್ಷ ಬರೇ ಬಾವುಟಾ ಬೀಸೀನಿ."

ಕ್ವಾರ್ಟರ್ಸಿನ ಹಿಂದೆ ಕೂಗಳತೆಯಲ್ಲಿ ಒಂದು ಸಣ್ಣ ಹಳ್ಳವಿತ್ತು. ಮಳೆಗಾಲದಲ್ಲಿ ಮಾತ್ರ ಹರಿಯುವಂಥದು. ಆ ಭೂಮಿ ಒಬ್ಬ ಮರಾಠಿ ಅಜ್ಜಿಯದು. ಊರೆಲ್ಲ ಅವಳನ್ನು ಆಜಿ ಎನ್ನುತ್ತಿತ್ತು. ಹಳ್ಳದ ಕೆಳಭಾಗದಲ್ಲಿ ಅವಳ ಸಂತ್ರಾ ತೋಟ. ಕಿತ್ತಳೆಗೆ ಅಲ್ಲಿ ಸಂತ್ರಾ ಅಂತಲೇ ಹೆಸರು. ಗಂಡ ಹೋದ ಮೇಲೆ ತಾನೇ ನಿಂತು ಬೆಳೆಸಿದ ಎಳೆಯ ಗಿಡಗಳು. ಆ ಹಳ್ಳಕ್ಕೆ ಏರಿ ಹಾಕಿ ಕೆರೆ ಕಟ್ಟಲೇ ಎಂದು ಕೇಳಲು ಕಾಕಾ ನಮ್ಮಿಬ್ಬರು ಹೆಂಗಸರನ್ನೂ ಕರೆದುಕೊಂಡೇ ಹೋದರು. ಆಜಿ ಹೊಗೆಸೊಪ್ಪನ್ನು ಅಂಗೈಯಲ್ಲಿ ತಿಕ್ಕುತ್ತಾ ಎಲ್ಲ ಕೇಳಿಸಿಕೊಂಡಳು. ಅವಳ ಮರಾಠಿಯನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ:

"ಕಟ್ಟು ಮಾಸ್ತರ್. ಆದರೆ ಎರಡು ಮಾತು. ನನ್ನ ಗಿಡದ ಬುಡಕ್ಕೆ ನೀರು ನಿಲ್ಲಬಾರದು. ನಿಂತರೆ ಸಂತ್ರಾ ಸಾಯುತ್ತೆ. ಇನ್ನೊಂದು, ಮೊದಲನೇ ಮೀನು ನನ್ನದು."

"ಮೀನಾ? ನಾನು ಪ್ರಾಣಿಗಳಿಗೆ ಕುಡಿಯೋಕೆ ಅಂತ…"

"ನೀರಿದ್ದ ಮೇಲೆ ಮೀನಿರಬೇಕು. ಇಲ್ಲದಿದ್ದರೆ ಸೊಳ್ಳೆ ಇರುತ್ತೆ. ಯಾವುದು ಬೇಕೋ ನೋಡು."

ಕಾಕಾ ಕೊರಳಿನ ಲಿಂಗದ ಮೇಲೆ ಒಮ್ಮೆ ಕೈಯಿಟ್ಟು, ಆಗಲಿ ಅಂದರು. ದಾರಿಯುದ್ದಕ್ಕೂ ಕಾಕು ಅವರನ್ನು ಬಿಡಲಿಲ್ಲ. "ಮಾತು ಕೊಟ್ಟ ಬಂದೀರಿ. ಮೀನ ಹಿಡದು ಕೊಡಾಂವ ಯಾರು? ನೀವೋ, ನಿಮ್ಮ ಗುರುಗಳೋ?"

ಕೆಲಸ ಶುರುವಾಯಿತು. ಗ್ಯಾಂಗಿನವರು ರಜೆಯ ದಿನ ಬಂದು ಹಳ್ಳಕ್ಕೆ ಅಡ್ಡಲಾಗಿ ಗಟ್ಟಿ ನೆಲ ಸಿಗುವವರೆಗೆ ಕಂದಕ ತೋಡಿ, ಎರೆಮಣ್ಣು ಕಲಸಿ ತುಳಿದು ತುಂಬಿದರು. ನೀರು ತಡೆಯುವುದು ಆ ಕರಿಮಣ್ಣಿನ ಗೋಡೆ. ಅದರ ಎರಡೂ ಕಡೆಗೆ ಮೊರಂ ಎನ್ನುವ ಗರಸುಮಣ್ಣು ಒಟ್ಟಿ ಏರಿ ಎಬ್ಬಿಸಬೇಕು. ಆದರೆ ಅಷ್ಟು ಮಣ್ಣು ಹೊರುವವರು ಯಾರು? ಆಗಲೇ ಕಾಕಾಗೆ ಹೊಳೆದದ್ದು ಬುಟ್ಟಿ. ನಾಗಪುರಕ್ಕೆ ಹೋದಾಗ ಮಹಾಲ್ ಗಲ್ಲಿಯಿಂದ ಬಿದಿರುಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು ಹೊತ್ತು ತಂದರು. ಬೇವಿನ ಮರದ ಕೆಳಗೆ ಒಟ್ಟಿದರು. ಪ್ಯಾಸೆಂಜರ್ ಲೇಟ್ ಅಂತ ಸುದ್ದಿ ಬಂದ ಕೂಡಲೇ ಹೊರಬಂದು ಕೈಮುಗಿದು ಹೇಳುತ್ತಿದ್ದರು: "ಗಾಡಿ ಇನ್ನೂ ಹಿಂದಿನ ಸ್ಟೇಷನ್ನೂ ಬಿಟ್ಟಿಲ್ಲ. ಕೂತು ಬೆವರುವುದಕ್ಕಿಂತ ಹೊತ್ತು ಬೆವರಿ. ತಲೆಗೆ ಎರಡು ಬುಟ್ಟಿ ಸಾಕು. ಗಾಡಿ ಬರುವಾಗ ನಾನು ಹಳಿ ಬಾರಿಸುತ್ತೇನೆ."

ಜನ ಮೊದಲು ನಕ್ಕರು. ಆಮೇಲೆ ಹೊತ್ತರು. ಒಮ್ಮೆ ಒಂದು ಮದುವೆ ದಿಬ್ಬಣವೇ ಸಾಲಾಗಿ ಹೊತ್ತಿತು. ಮದುಮಗ ಹಣೆಯ ಮುತ್ತಿನ ಸರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದರಲ್ಲಿ ಬುಟ್ಟಿ ಸುರಿದ. ಮದುಮಗಳ ಕಡೆಯ ಮುದುಕಿಯರು ಮಣ್ಣಿಗೆ ಅರಿಶಿನ ಹಾಕಿದರು. ಒಬ್ಬ ವಕೀಲ ಮಾತ್ರ ಸಿಟ್ಟಾದ. "ನಾನು ಟಿಕೇಟು ತೆಗೆದುಕೊಂಡಿದ್ದೇನೆ!" ಅಂದ.

"ಹೌದಲ್ಲ ಸಾಹೇಬರೇ, ಟಿಕೇಟು ಗಾಡಿಗೆ. ಈ ಲೇಟು ನಿಮಗೆ ಪುಕ್ಕಟೆ ಸಿಕ್ಕಿದೆ. ಬುಟ್ಟಿ ಅದಕ್ಕೆ."

ವಕೀಲ ಕೋಟು ಬಿಚ್ಚಿ ಬೇವಿನ ಕೊಂಬೆಗೆ ತಗಲಿಹಾಕಿದ. ಅವತ್ತು ಗಾಡಿ ಎಷ್ಟು ಲೇಟಾಯಿತೆಂದರೆ, ಬರುವ ಹೊತ್ತಿಗೆ ಅವನೇ ಉಳಿದವರಿಗೆ ಎಲ್ಲಿ ಸುರಿಯಬೇಕೆಂದು ಅಪ್ಪಣೆ ಮಾಡುತ್ತಿದ್ದ.

ಸಂಜೆ ಮೇಯಲು ಹೋದ ಊರಿನ ದನಗಳನ್ನು ಏರಿಯ ಮೇಲೆಯೇ ಹಾಯಿಸಿ ಮನೆಗೆ ಹೊಡೆಯುತ್ತಿದ್ದರು. ಅಂದಿನ ಮಣ್ಣಿಗೆ ನಾವು ಹೆಂಗಸರು ನೀರು ಚಿಮುಕಿಸಿದರೆ ಎಮ್ಮೆಗಳ ಗೊರಸು ಅದನ್ನು ಕುಟ್ಟಿ ಗಟ್ಟಿ ಮಾಡುತ್ತಿತ್ತು. ನಮ್ಮ ಯಜಮಾನರು ತಮಾಷೆಗೆ, "ಕಾಕಾ, ಇವತ್ತು ಪ್ಯಾಸೆಂಜರ್ ರೈಟ್ ಟೈಮು" ಅಂದರೆ, ಕಾಕಾ ಮುಖ ಸಪ್ಪಗೆ ಮಾಡಿ, "ಏನ ಕಾಲ ಬಂತಪಾ" ಅನ್ನುತ್ತಿದ್ದರು. ರೈಲ್ವೆಯ ಚರಿತ್ರೆಯಲ್ಲೇ ಗಾಡಿ ಹೊತ್ತಿಗೆ ಸರಿಯಾಗಿ ಬಂತೆಂದು ಬೇಸರಪಟ್ಟ ಮಾಸ್ತರರು ಅವರೊಬ್ಬರೇ ಇರಬೇಕು.

ಮಳೆಗಾಲದ ಹೊತ್ತಿಗೆ ಏರಿ ನನ್ನ ತಲೆಗಿಂತ ಎತ್ತರವಾಗಿತ್ತು. ಒಂದು ತುದಿಯಲ್ಲಿ ಗಟ್ಟಿ ನೆಲ ನೋಡಿ ಕೋಡಿ ಬಿಟ್ಟಿದ್ದರು. ಕೆರೆ ತುಂಬಿ ಹೆಚ್ಚಾದ ನೀರು ಏರಿಯ ಮೇಲೆ ಹತ್ತದೆ ಅಲ್ಲಿಂದ ಪಕ್ಕಕ್ಕೆ ಹರಿದು ಹಳ್ಳ ಸೇರಲಿ ಅಂತ. ಮೊದಲ ದೊಡ್ಡ ಮಳೆಗೆ ನೀರು ನಿಂತ ದಿನ ಕಾಕಾ ಕೊಡೆ ಹಿಡಿದು ನಿಂತೇ ಇದ್ದರು. ಕಾಕು ನನ್ನ ಕಿವಿಯಲ್ಲಿ, "ಮಗಳ ಹುಟ್ಟಿದಾಗೂ ಇಷ್ಟ ಹೊತ್ತು ನಿಂತ ನೋಡಿರಲಿಲ್ಲ" ಅಂದರು.

ಮೀನು ಬಂದದ್ದು ಅದೇ ತಿಂಗಳು. ಆಗ ಮೀನಿನ ಮರಿಗಳು ಬಂಗಾಳದಿಂದ ರೈಲಿನಲ್ಲಿ ಬರುತ್ತಿದ್ದವು, ಮಣ್ಣಿನ ಗಡಿಗೆಗಳಲ್ಲಿ. ಜೊತೆಗೊಬ್ಬ ಮನುಷ್ಯ ದಾರಿಯುದ್ದಕ್ಕೂ ಗಡಿಗೆಯ ನೀರನ್ನು ಅಂಗೈಯಿಂದ ಬಡಿಯುತ್ತಾ ಕೂತಿರಬೇಕು. ನೀರು ಆಡದಿದ್ದರೆ ಮರಿಗಳು ಉಸಿರುಕಟ್ಟಿ ಸಾಯುತ್ತವೆ. ಹಾಗೆ ವಾರ್ಧಾ ಕಡೆಗೆ ಹೊರಟಿದ್ದ ಒಬ್ಬ ಬಂಗಾಳಿ, ನಮ್ಮಲ್ಲಿ ಗಾಡಿ ಬಹಳ ಹೊತ್ತು ನಿಂತಾಗ ಕಂಗಾಲಾಗಿ ಹೊಸ ನೀರು ಕೇಳಿದ. ಕಾಕಾ ಬಾವಿಯಿಂದ ತಾವೇ ಸೇದಿ ಕೊಟ್ಟರು. ಅವನು ಖುಷಿಯಾಗಿ, ಏನಾದರೂ ಪಾತ್ರೆ ತನ್ನಿ ಎಂದ. ಕಾಕಾ ಓಡಿ ಬಂದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋದರು. ಸಿಕ್ಕಿದ್ದು ಕಾಕು ಕುಡಿಯುವ ನೀರಿನ ಮಣ್ಣಿನ ಕೊಡ.

"ನನ್ನ ಕೊಡದಾಗ ಮೀನಾ!" ಎಂದು ಕಾಕು ಕೂಗಿದ್ದು ಗ್ಯಾಂಗಿನ ಮನೆಗಳಿಗೂ ಕೇಳಿಸಿತು. "ಎರಡ ದಿನ ನನ್ನ ಮಾತಾಡಸಬ್ಯಾಡ್ರಿ!"

ಕೊಡದೊಳಗೆ ಜೀರಿಗೆ ಚೆಲ್ಲಿದ ಹಾಗೆ ಮರಿಗಳು. ಕಾಕಾ ಡ್ಯೂಟಿಯಲ್ಲಿದ್ದರು, ಇನ್ನೊಂದು ಗಾಡಿ ಬರುವುದಿತ್ತು. ಆಫೀಸಿನ ಮೇಜಿನ ಪಕ್ಕ ಕೊಡ ಇಟ್ಟುಕೊಂಡು, ಬಲಗೈಯಲ್ಲಿ ಫೋನು, ಎಡಗೈ ಕೊಡದಲ್ಲಿ. ಫೋನಿನಾಚೆಯವರು ಅದೇನು ಸದ್ದು ಎಂದು ಕೇಳಿದರಂತೆ. "ಮಳಿ, ಸಾಹೇಬ್ರ" ಅಂದರಂತೆ. ಮಾತಾಡಿಸಬೇಡಿ ಅಂದಿದ್ದ ಕಾಕು ಸ್ವಲ್ಪ ಹೊತ್ತಿಗೆ ಬಂದು, ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತು, "ಸರೀರಿ ಆಕಡೆ, ನಿಮ್ಮ ಕೈ ಸೋತಿರತೈತಿ" ಎಂದು ತಾವೇ ನೀರು ಬಡಿಯತೊಡಗಿದರು.

ಆ ವರ್ಷ ಚಳಿಗಾಲದಲ್ಲಿ ಕೆರೆಗೆ ಬಾತುಗಳು ಬಂದವು, ಬೆಳ್ಳಕ್ಕಿ ಬಂದವು, ಒಂದು ಮಿಂಚುಳ್ಳಿ ಏರಿಯ ಕಲ್ಲಿನ ಮೇಲೆ ಕಾಯಂ ಆಯಿತು. ಬೇಸಿಗೆಗೆ ಚಿಗರಿಗಳು ಬಂದವು. ನೀರಿಗೆ ಇಳಿದು, ಮೊಣಕಾಲು ಬಗ್ಗಿಸಿ, ಕಲ್ಲನ್ನಲ್ಲ, ನೀರನ್ನೇ ಕುಡಿದವು. ಸಂಜೆಯ ಪ್ಯಾಸೆಂಜರ್ ಬಿಟ್ಟ ಮೇಲೆ ಕಾಕಾ ಹೋಗಿ ಮೀನಿಗೆ ರೊಟ್ಟಿಯ ಪುಡಿ, ಜೋಳದ ತೌಡು ಹಾಕುತ್ತಿದ್ದರು. ಕ್ರಮೇಣ ಮೀನುಗಳಿಗೆ ಅದು ಎಷ್ಟು ರೂಢಿಯಾಯಿತೆಂದರೆ, ಗಾಡಿ ಬರುವಾಗ ನೆಲ ಅದುರಿದರೆ ಸಾಕು, ಕೆರೆಯ ಮೇಲೆಲ್ಲ ಬಾಯಿಗಳು ಏಳುತ್ತಿದ್ದವು. ಲೇಟಾದರೆ ಅವೂ ಕಾಯುತ್ತಿದ್ದವು.

ಆಜಿಯೂ ಕಾಯುತ್ತಿದ್ದಳು. "ಮಾಸ್ತರ್, ಮಾಝೀ ಮಾಸೋಳೀ?" ಅಂತ ವಾರಕ್ಕೊಮ್ಮೆ ಸ್ಟೇಷನ್ನಿಗೇ ಬಂದು ಕೇಳುವಳು. ನನ್ನ ಮೀನೆಲ್ಲಿ ಅಂತ.

"ಇನ್ನೂ ಸಣ್ಣವು, ಆಜಿ."

"ನೀನು ನೋಡಿದ್ದೀಯಾ?"

"ಬಾಯಿ ಕಾಣುತ್ತೆ."

"ಬಾಯಿ ನೋಡಿ ಸೊಸೆ ತರ್ತಾರೇನೋ? ಹೊರಗೆ ತೆಗೆದು ನೋಡು!"

ಕಾಕಾ ತೆಗೆಯಲಿಲ್ಲ. ಬಲೆಯವರನ್ನು ಹತ್ತಿರ ಬಿಡಲಿಲ್ಲ. ಕೊಟ್ಟ ಮಾತು ಅವರನ್ನು ಕೊರೆಯುತ್ತಿತ್ತು, ಆಜಿಯನ್ನು ದೂರದಿಂದ ಕಂಡರೆ ಟಿಕೇಟು ಕೊಡುವ ಕೋಣೆಗೆ ನುಸುಳುತ್ತಿದ್ದರು. ಎರಡನೇ ಮಳೆಗಾಲ ಹತ್ತಿರ ಬಂದಾಗ ಇನ್ನೊಂದು ಭಯ ಹತ್ತಿತು. ಕೆರೆ ತುಂಬಿದರೆ ಕೋಡಿಯಿಂದ ಮೀನು ಹೊರಟುಹೋಗುತ್ತವಲ್ಲ? ಬಿದಿರಿನ ದಬ್ಬೆ ಸೀಳಿಸಿ, ಒತ್ತೊತ್ತಾಗಿ ಹೆಣೆಸಿ, ಕೋಡಿಗೆ ಅಡ್ಡಲಾಗಿ ಜಾಲರಿ ನಿಲ್ಲಿಸಿದರು. ನೀರು ಹೋಗಬೇಕು, ಮೀನು ಹೋಗಬಾರದು. ಜೀವಮಾನವೆಲ್ಲ ಟಿಕೇಟು ನೋಡಿ ಗೇಟು ದಾಟಿಸಿದ ಸ್ಟೇಷನ್ನಿನವರಿಗೆ ಅಲ್ಲದೆ ಬೇರೆ ಯಾರಿಗೆ ಇಂಥದು ಹೊಳೆದೀತು?

"ನೀರಿಗೆ ಗೇಟ ಹಾಕ್ಯಾರ ನಿಮ್ಮ ಕಾಕಾ," ಎಂದು ಕಾಕು ನಕ್ಕರು. ಕಾಕಾ ನಗಲಿಲ್ಲ. ಅವತ್ತು ಏರಿಯ ಮೇಲೆ ಕೂತು ನನಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ: "ನೋಡ ತಂಗೀ, ನನ್ನ ಕಣ್ಣ ಮುಂದ ಯಾವದೂ ಎರಡ ನಿಮಿಷದ ಮ್ಯಾಲ ನಿಂತಿಲ್ಲ. ಬರತಾವ, ಹೋಗತಾವ. ಮುಂದಿನ ವರ್ಷ ನಾನೂ ರಿಟೈರ್ ಆಗಿ ಹೋಗತೀನಿ. ಇವರಾದ್ರೂ ಇಲ್ಲೇ ಇರಲಿ ಅಂತ." ಮೀನುಗಳನ್ನು ಅವರು 'ಇವರು' ಅಂದದ್ದು ಅವರಿಗೇ ತಿಳಿಯಲಿಲ್ಲ.

ಆ ಸಲ ಮಳೆ ಹಿಡಿದದ್ದು ಬಿಡಲಿಲ್ಲ. ಮೂರನೇ ದಿನ ಮಧ್ಯಾಹ್ನ ನಾನು ಹಿತ್ತಲಿಗೆ ಬಂದವಳು ಏರಿಯ ಕಡೆ ನೋಡಿದೆ. ಯಾವಾಗಲೂ ಏರಿಯ ಈಚೆಯ ಇಳಿಜಾರು ಕೆಂಪಗೆ ಕಾಣುತ್ತಿತ್ತು. ಅವತ್ತು ಅದರ ನಡುವೆ ಒಂದು ಬಿಳಿ ಗೆರೆ. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನೀರು ಏರಿ ಹತ್ತಿ ಈಚೆಗೆ ಇಳಿಯುತ್ತಿತ್ತು.

ಓಡಿಹೋಗಿ ಕಾಕುಗೆ ಹೇಳಿದೆ. ಕಾಕಾ ಡ್ಯೂಟಿಯಲ್ಲಿ, ಗಾಡಿ ಬರುವ ಹೊತ್ತು. ಊಟಕ್ಕೆ ಕೂತಿದ್ದ ನಮ್ಮ ಯಜಮಾನರು ಕೈತೊಳೆದವರೇ ಹೋಗಿ ಅವರ ಜಾಗದಲ್ಲಿ ನಿಂತರು. ಕಾಕಾ ಕೋಟಿನಲ್ಲೇ, ಬಾವುಟ ಕಂಕುಳಲ್ಲೇ ಓಡಿ ಬಂದರು. ನಾವು, ಗ್ಯಾಂಗಿನವರು, ಅವರ ಹೆಂಡಂದಿರು, ಎಲ್ಲ ಬೇವಿನ ಕೆಳಗಿನ ಬುಟ್ಟಿ ಹಿಡಿದು ತಗ್ಗಿದ ಕಡೆ ಮಣ್ಣು ಸುರಿದೆವು. ಸುರಿದದ್ದು ಸುರಿದಂತೆ ಕರಗಿತು. ಕೋಡಿಯ ಬಳಿ ಹೋಗಿ ನೋಡಿದರೆ ಅಲ್ಲಿ ನೀರೇ ಹೋಗುತ್ತಿಲ್ಲ. ಹುಲ್ಲು, ಜಾಲಿಯ ಕೊಂಬೆ, ಮುತ್ತುಗದ ಎಲೆ, ಮೂರು ದಿನದಿಂದ ಹಳ್ಳ ತಂದದ್ದೆಲ್ಲ ಜಾಲರಿಗೆ ಒತ್ತಿ ಗೋಡೆಯಾಗಿ ನಿಂತಿತ್ತು.

ಕಾಕಾ ಸೊಂಟದುದ್ದ ನೀರಿಗಿಳಿದು ಎರಡೂ ಕೈಯಲ್ಲಿ ಕಸ ಬಾಚತೊಡಗಿದರು. ಒಂದು ಹಿಡಿ ತೆಗೆದರೆ ಎರಡು ಹಿಡಿ ಬಂದು ಕೂಡುತ್ತಿತ್ತು. ಅವರ ಕಾಲ ಸುತ್ತ ಮೀನುಗಳು ಜಾಲರಿಗೆ ಬಡಿಯುತ್ತಿದ್ದವು. ಗ್ಯಾಂಗಿನವನೊಬ್ಬ ಗುದ್ದಲಿ ಎತ್ತಿ, "ಜಾಲರಿ ಕಿತ್ತು ಬಿಡಲಾ ಸಾಹೇಬ್?" ಅಂದ. "ತಡಿ, ತಡಿ. ಬಾಚತೀನಿ, ದಾರಿ ಆಗತೈತಿ," ಅಂದರು ಕಾಕಾ. ಏರಿಯ ಮೇಲಿನ ಬಿಳಿ ಗೆರೆ ಆಗಲೇ ಒಂದು ಸೀರೆಯಗಲ ಆಗಿತ್ತು. ಕೆಳಗೆ, ತೋಟದಲ್ಲಿ, ಆಜಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ತನ್ನ ಗಿಡಗಳ ನಡುವೆ ನಿಂತು ಮೇಲಕ್ಕೆ ನೋಡುತ್ತಿದ್ದಳು. ಏರಿ ಒಡೆದರೆ ಮೊದಲು ಹೋಗುವುದು ಅವಳು, ಆಮೇಲೆ ಅವಳ ಗಿಡ.

ಕಾಕು ಕೋಡಿಯ ದಡದಲ್ಲಿ ಕೂತು ಗಂಡನ ಭುಜ ಹಿಡಿದರು. ಯಾವತ್ತೂ ಗದರುವ ಹೆಂಗಸು ಅವತ್ತು ಮೆತ್ತಗೆ ಹೇಳಿದರು: "ರೀ, ಗಾಡಿ ಬಂದು ನಿಂತೈತಿ. ಸಿಗ್ನಲ್ ಕೊಡ್ರಿ."

ಕಾಕಾ ಒಮ್ಮೆ ಕೆಳಗೆ ಆಜಿಯನ್ನು ನೋಡಿದರು. ಬಾವುಟವನ್ನು ಕಾಕು ಕೈಗೆ ಕೊಟ್ಟರು. ಜಾಲರಿಯ ನಡುಗೂಟವನ್ನು ತಬ್ಬಿ ಹಿಡಿದು, ಗ್ಯಾಂಗಿನವನಿಗೆ "ಆ ಕಡಿಂದ ಎಳಿ" ಅಂದರು. ಗೂಟ ಬಂತು. ನೀರಿನ ರಭಸ ಅವರನ್ನೂ ಎಳೆದುಕೊಂಡು ಹೋಗುವುದರಲ್ಲಿತ್ತು. ನಾಲ್ಕು ಜನ ಕೋಟು ಹಿಡಿದು ದಡಕ್ಕೆ ಹಾಕಿದರು. ಗುಂಡಿಯೆಲ್ಲ ಹಾಕಿದ್ದಕ್ಕೆ ಕೋಟು ಕೈಗೆ ಸಿಕ್ಕಿತು ಅನ್ನಿ.

ನೀರು ಹೊರಟಿತು. ಅದರ ಜೊತೆ ಅವರೆಲ್ಲರೂ. ಕಂದು ನೀರಿನಲ್ಲಿ ಬೆಳ್ಳಿಯ ಬೆನ್ನುಗಳು ಒಂದರ ಮೇಲೊಂದು, ತಳ್ಳಾಡಿಕೊಂಡು, ಜಾತ್ರೆ ಸ್ಪೆಷಲ್ಲಿನ ಜನರಂತೆ. ಕಾಕಾ ಕೆಸರಲ್ಲಿ ಕೂತು ನೋಡುತ್ತಿದ್ದರು. ಟೊಪ್ಪಿಗೆ ಎಲ್ಲೋ ಹೋಗಿತ್ತು. ವಿಭೂತಿ ಅಳಿಸಿಹೋದ ಅವರ ಹಣೆಯನ್ನು ನಾನು ಮೊದಲ ಸಲ ನೋಡಿದ್ದು ಆವಾಗಲೇ. ಕತ್ತಲಾಗುವ ಮೊದಲು ಏರಿಯ ಮೇಲಿನ ಬಿಳಿ ಗೆರೆ ಸಣ್ಣದಾಗಿ, ದಾರದಂತಾಗಿ, ನಿಂತಿತು.

ಆಗ ಆಜಿ ಹತ್ತಿ ಬಂದಳು. ಕೋಡಿಯ ನೀರು ಅವಳ ತೋಟದ ಅಂಚಿನಲ್ಲಿ ಪಾದ ಮುಳುಗುವಷ್ಟು ಹರಿದು ಇಳಿದುಹೋಗಿತ್ತು. ಗಿಡಗಳು ನಿಂತಿದ್ದವು. ಸೆರಗಿನಲ್ಲಿ ಏನನ್ನೋ ಕೂಸಿನ ಹಾಗೆ ಎತ್ತಿಕೊಂಡಿದ್ದಳು. ಕಾಕಾನ ಮುಂದೆ ಬಂದು ಸೆರಗು ಸರಿಸಿದಳು. ಮೊಳಕ್ಕಿಂತ ಉದ್ದದ ಮೀನು. ಕಿತ್ತಳೆಯ ಎಲೆಯೊಂದು ಅದರ ಹೊಟ್ಟೆಗೆ ಅಂಟಿತ್ತು.

"ಗಿಡದ ಬುಡದಲ್ಲಿ ಸಿಕ್ಕಿತು," ಅಂದಳು. "ನೀನಂತೂ ಕೊಡಲಿಲ್ಲ. ತಾನಾಗಿ ಬಂತು."

ಕಾಕಾ ಎದ್ದು ನಿಂತರು. ಕೈಯನ್ನು ಕೋಟಿಗೆ ಒರೆಸಿ, ಒಂದು ಬೆರಳಿನಿಂದ ಅದರ ಬೆನ್ನು ಮುಟ್ಟಿದರು. ತಲೆಯಿಂದ ಬಾಲದವರೆಗೆ ನೋಡಿದರು. ವರ್ಷವೆಲ್ಲ ರೊಟ್ಟಿ ಹಾಕಿ ಬಾಯಿ ಮಾತ್ರ ಕಂಡಿದ್ದವರು.

"ಇಷ್ಟ ದೊಡ್ಡವಾಗಿದ್ವಾ!" ಅಂದರು ಕನ್ನಡದಲ್ಲೇ. ದನಿಯಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು. ಆಜಿಗೆ ಅರ್ಥವಾಯಿತು ಅಂತ ಕಾಣುತ್ತದೆ, ತಲೆಯಾಡಿಸಿದಳು.

ಹೋಗಬೇಕಾದವು ಹೋದವು, ಇರಬೇಕಾದವು ಇದ್ದವು. ಮಳೆ ನಿಂತ ಮೇಲೆ, ಸಂಜೆ ಪ್ಯಾಸೆಂಜರ್ ಬಂದಾಗ ಕೆರೆಯ ಮೇಲೆ ಕೆಲವು ಬಾಯಿಗಳು ಮತ್ತೆ ಎದ್ದವು. ಕಾಕಾ ರೊಟ್ಟಿಯ ಪುಡಿ ಹಿಡಿದು ಹೋದರು. ಜಾಲರಿಯನ್ನು ಮತ್ತೆ ಕಟ್ಟಲಿಲ್ಲ. ಕಾಕು ಆ ಬಿದಿರಿನಿಂದ ಹೀರೇಬಳ್ಳಿಗೆ ಚಪ್ಪರ ಹಾಕಿಕೊಂಡರು.

ಮುಂದಿನ ಬೇಸಿಗೆಯಲ್ಲಿ ಅವರು ರಿಟೈರಾಗಿ ಊರಿಗೆ ಹೊರಟ ದಿನ ಪ್ಲಾಟ್‌ಫಾರಂ ತುಂಬ ಜನ. ಕೊರಳಿಗೆ ಸೇವಂತಿಗೆ ಹಾರ, ಪೆಟ್ಟಿಗೆಯ ಮೇಲೆ ಆಜಿ ತಂದಿಟ್ಟ ಸಂತ್ರಾ ಬುಟ್ಟಿ. ಕೋಟಿಲ್ಲದ ಕಾಕಾ ಯಾರೋ ಬೇರೆಯವರಂತೆ ಕಾಣುತ್ತಿದ್ದರು. ಫೋನು ಬಂತು. ನಮ್ಮ ಯಜಮಾನರು ಹೊರಗೆ ಬಂದು ಕಾಕಾಗೆ ಸುದ್ದಿ ಹೇಳಿದರು. ಪ್ಯಾಸೆಂಜರ್ ಲೇಟು.

ಕಾಕು ಎದ್ದು, ಬೇವಿನ ಮರದ ಕೆಳಗೆ ಹೋಗಿ, ಒಂದು ಬುಟ್ಟಿ ತಂದು ಗಂಡನ ಮುಂದೆ ಇಟ್ಟರು.

"ಏನ ನೋಡತೀರಿ? ಇವತ್ತ ನೀವೂ ಪ್ಯಾಸೆಂಜರ್. ತಲಿಗೆ ಎರಡ."

ಕಾಕಾ ಹಾರವನ್ನು ಬೆನ್ನ ಕಡೆಗೆ ತಿರುಗಿಸಿಕೊಂಡು ಬುಟ್ಟಿ ಎತ್ತಿದರು.